ಸಾಲು ನಾಲ್ಕು: ವಾದ ತಪ್ಪು

ತಪ್ಪು ತೋರಿಸುವ ಗುರುತು ಎಂಟು ಅಕ್ಷರ ಎಡಕ್ಕೆ ಬಿದ್ದಿತ್ತು. ತಲೆಕೆಳಗಾದ 'ವಿ'ಯಂಥ ಆ ಸಣ್ಣ ಬಿಳಿ ಗುರುತು ಕಪ್ಪು ಪರದೆಯ ಮೇಲೆ 'ನಿವ್ವಳ' ಎಂಬ ಪದದ ಮೊದಲ ಅಕ್ಷರದ ಕೆಳಗೆ ಕೂತಿತ್ತು. ಆ ಪದದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಆವರಣ ಚಿಹ್ನೆಯನ್ನು ದಾಟಿದ ಮೇಲೆ, 'ಖಾಲಿ' ಎಂದು ಬರೆದಿದ್ದ ಕಡೆ.

ಆ ಸಾಲನ್ನು ನನಗೆ ಫೋನಿನಲ್ಲಿ ಓದಿ ಹೇಳಿದವರು ಸಂಡೂರಿನ ಒಂದು ಅದಿರು ಯಾರ್ಡಿನ ತೂಕದ ಕೋಣೆಯ ಆಪರೇಟರು. ನಾನು ಹೊಸಪೇಟೆಯ ನಮ್ಮ ಆಫೀಸಿನಲ್ಲಿ ಕೂತು, ಅವರು ಹೇಳಿದ್ದನ್ನು ಹಾಗೆಯೇ ನನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೆ.

"ಪರದಿ ಮ್ಯಾಲೆ ಏನಂತ ಬಂದೈತ್ರಿ?" ಎಂದು ಕೇಳಿದೆ.

"ಸಾಲು ನಾಲ್ಕು, ವಾದ ತಪ್ಪು ಅಂತ ಬಂದೈತಿ ಮೇಡಮ್ಮರ. ನಾ ಏನ್ ವಾದ ಮಾಡೀನ್ರೀ ಇದರ ಜೊತಿ? ಮುಂಜಾನಿಂದ ಬಾಯಿ ಮುಚ್ಕೊಂಡು ಕುಂತೀನಿ."

ಅವರ ಹಿಂದೆ ಲಾರಿಗಳ ಹಾರ್ನು ಒಂದೇ ಸಮನೆ ಕೇಳುತ್ತಿತ್ತು. ಯಾರೋ ಡ್ರೈವರು ಕಿಟಕಿಯ ಬಳಿ ಬಂದು ಕೂಗಿದ: "ಏ ಅಣ್ಣಾ, ಜಲ್ದಿ ಮಾಡೋ, ನಿನ್ನ ಕಂಪ್ಯೂಟರ್ ಸತ್ತತೇನು?"

"ಸತ್ತಿಲ್ಲಲೇ, ಸಿಟ್ಟಾಗೈತಿ!" ಎಂದರು ಆಪರೇಟರು.

ನನಗೆ ನಗು ಬಂತು, ಆದರೆ ನಗಲಿಲ್ಲ. ತಪ್ಪು ಹಿಡಿದಿದ್ದ ಆ ಪ್ರೋಗ್ರಾಮು, ಕಂಪೈಲರು, ನನ್ನದು.

ಅದಿರಾಗಲಿ ಭತ್ತವಾಗಲಿ ತೂಗುವ ಲೆಕ್ಕ ಒಂದೇ. ತುಂಬಿದ ಗಾಡಿಯ ತೂಕದಿಂದ ಬರಿ ಗಾಡಿಯ ತೂಕ ಕಳೆಯಬೇಕು, ಉಳಿದದ್ದರಲ್ಲಿ ತೇವದ ಪಾಲು ಕಳೆಯಬೇಕು; ಸಿಕ್ಕಿದ್ದು ನಿವ್ವಳ. ಆದರೆ ತೇವವನ್ನು ಎಷ್ಟು ಹಿಡಿಯಬೇಕು, ಯಾವ ಗಾಡಿಗೆ ಯಾವ ವಿನಾಯಿತಿ ಎಂಬ ನಿಯಮಗಳು ಒಂದೊಂದು ಕಡೆ ಒಂದೊಂದು ಥರ, ಅವೂ ವಾರವಾರ ಬದಲು. ಅದಕ್ಕೆಂದೇ ತೂಕದ ಕೋಣೆಯವರು ತಮ್ಮ ನಿಯಮಗಳನ್ನು ತಾವೇ ಬರೆದುಕೊಳ್ಳಲಿ ಎಂದು ನಾವು ಒಂದು ಪುಟ್ಟ ಭಾಷೆ ಮಾಡಿದ್ದೆವು. ಪದಗಳು ಕನ್ನಡದವು, ಅಕ್ಷರ ಮಾತ್ರ ಇಂಗ್ಲಿಷಿನವು. ಅವರು ಬರೆದದ್ದನ್ನು ಓದಿ, ತಪ್ಪಿದ್ದರೆ ಹೇಳಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರನ್ನು ನಾನು ಎಂಸಿಎ ಮುಗಿಸಿ ಬಂದ ವರ್ಷ ಬರೆದಿದ್ದೆ. ಓದುವಾಗ ನನಗೆ ತುಂಬ ಇಷ್ಟವಾಗಿದ್ದ ವಿಷಯ ಅದು. ಅದರಿಂದ ಕೆಲಸ ಸಿಗುತ್ತದೆ, ಅದೂ ಹೊಸಪೇಟೆಯಲ್ಲಿ ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಈ ಲೆಕ್ಕ ಮಾಡುವ 'ನಿವ್ವಳ' ಎಂಬ ಫಂಕ್ಷನ್ನಿಗೆ ಆವರಣದೊಳಗೆ ಇದೇ ಕ್ರಮದಲ್ಲಿ ಮೂರು ಸಂಗತಿ ಕೊಡಬೇಕು: ಭರ್ತಿ, ಖಾಲಿ, ತೇವ. ಇಂಗ್ಲಿಷಿನಲ್ಲಿ ಇವುಗಳನ್ನು ಆರ್ಗ್ಯುಮೆಂಟ್ ಎನ್ನುತ್ತಾರೆ. ಸಂದೇಶಗಳು ಕನ್ನಡದಲ್ಲೇ ಇರಲಿ ಎಂದವರು ನಮ್ಮ ಯಜಮಾನರು. ನಿಘಂಟು ತೆರೆದು ಆರ್ಗ್ಯುಮೆಂಟಿಗೆ 'ವಾದ' ಎಂದು ಹುಡುಕಿ ಕೊಟ್ಟವರೂ ಅವರೇ. ಅವರು ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು. ಆ ಪದ ಸಿಕ್ಕ ದಿನ ಅವರು ಬಹಳ ಸಂತೋಷದಲ್ಲಿದ್ದರು.

"ಅಲ್ರೀ," ಎಂದೆ ಆಪರೇಟರಿಗೆ, "ನೀವು ಖಾಲಿ ಮೊದಲು ಬರದೀರಿ. ಭರ್ತಿ ಮೊದಲು ಬರಬೇಕು."

"ಗಾಡಿ ಖಾಲಿನ ಬರ್ತೈತಲ್ರೀ ಮೊದಲು! ಭರ್ತಿ ಆಗೇ ಬಂದ್ರ ನಮ್ಮ ಗುಡ್ಡ ಯಾತಕ್ಕ ಬೇಕು?"

ಫೋನಿಟ್ಟ ಮೇಲೆ ತಪ್ಪಿನ ಮೂಲ ಹೊಳೆಯಿತು. ನಮ್ಮ ಮೊದಲ ಗಿರಾಕಿಗಳೆಲ್ಲ ಯಜಮಾನರ ನೆಂಟರ ಗಿರಣಿಗಳು. ಕಂಪ್ಲಿಯಲ್ಲಿ ಭತ್ತದ ಗಾಡಿ ತುಂಬಿಕೊಂಡು ಬಂದು, ಇಳಿಸಿ, ಬರಿದಾಗಿ ಹೋಗುತ್ತದೆ. ನಿವ್ವಳದ ಒಳಗಿನ ಕ್ರಮ ಹುಟ್ಟಿದ್ದು ಅಲ್ಲಿ. ಆಮೇಲೆ ಗಣಿಗಳ ಕಾಲ ಬಂತು, ಸಂಡೂರಿನ ಯಾರ್ಡುಗಳು ಒಂದರ ಹಿಂದೊಂದು ನಮ್ಮ ಗಿರಾಕಿಗಳಾದವು. ಅಲ್ಲಿ ಗಾಡಿ ಬರಿದಾಗಿ ಬಂದು ತುಂಬಿಕೊಂಡು ಹೋಗುತ್ತದೆ. ಹಾಗಾಗಿ ಸಂಡೂರಿನವರೆಲ್ಲ ತಾವು ಕಂಡ ಕ್ರಮದಲ್ಲೇ ಬರೆಯುತ್ತಿದ್ದರು. ನಾನು ಪ್ರತಿ ಸಂಖ್ಯೆಗೂ ಅದು ಭರ್ತಿಯೋ, ಖಾಲಿಯೋ, ತೇವವೋ ಎಂಬ ಚೀಟಿ ಅಂಟಿಸಿದ್ದರಿಂದ ಕಂಪೈಲರಿಗೆ ತಪ್ಪು ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹೇಳಲು ಬರುತ್ತಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು.

"ಇವತ್ತು ಎಷ್ಟನೇ ಫೋನವಾ ಅದು?"

"ಎಣಿಸಿಲ್ರಿ."

"ನಾ ಎಣಿಸೀನಿ, ಹೇಳಾಂಗಿಲ್ಲ, ನಿನಗ ಬ್ಯಾಸರ ಆಗ್ತೈತಿ." ಕುರ್ಚಿ ಎಳೆದುಕೊಂಡು ಕೂತರು. "ನೋಡವಾ, ಈ ಬರಿಯೋ ಉಸಾಬರಿನ ಬ್ಯಾಡ ನಮಗ. ಮುಂದಿನ ಶನಿವಾರ ಸಂಡೂರಿಗೆ ಹೊಂಟೀನಿ. ಮುಚ್ಚಿದ ಪ್ರೋಗ್ರಾಮ್ ಒಂದು ಹಾಕಿ ಬರ್ತೀನಿ. ಏನರ ಬದಲಿ ಬೇಕಂದ್ರ ಇಲ್ಲಿಂದ ನಾವ ಮಾಡಿ ಕಳಸೋಣು."

ಮುಚ್ಚಿದ ಪ್ರೋಗ್ರಾಮೆಂದರೆ ಆ ಭಾಷೆ ಇಲ್ಲ, ಕಂಪೈಲರೂ ಇಲ್ಲ. ನನ್ನ ದನಿ ಎಂದಿನಂತೆಯೇ ಇತ್ತು ಎಂದು ನಂಬಿದ್ದೇನೆ.

"ಶನಿವಾರದ ತನಕ ಟೈಮ್ ಕೊಡ್ರಿ. ತಪ್ಪು ಎಲ್ಲೈತಿ ಅಂತ ಅದ ಹೇಳೋ ಹಂಗ ಮಾಡ್ತೀನಿ."

"ಮತ್ತ ಈಗೇನ್ ಹೇಳಾಕತ್ತೈತಿ?"

"ಈಗ ತಪ್ಪೈತಿ ಅಂತ ಅಷ್ಟ ಹೇಳ್ತೈತ್ರಿ."

ಅವರು ಜೋರಾಗಿ ನಕ್ಕರು. "ಥೇಟ್ ನಮ್ಮಪ್ಪನಂಗ! ತಪ್ಪು ಅಂತಿದ್ದ, ಏನ್ ತಪ್ಪು ಅಂತ ಸಾಯೋತನಕ ಹೇಳಲಿಲ್ಲ. ಅದರ ಬದಲು ಸಂಡೂರಿನವ್ರಿಗೆ ಖಾಲಿ ಮೊದಲು ಮಾಡಿಬಿಡು, ಮುಗೀತು."

"ಮಾಡಿದ್ರ ಕಂಪ್ಲಿಯವ್ರು ಬರದದ್ದೆಲ್ಲ ತಪ್ಪಾಗ್ತೈತ್ರಿ. ನಿಮ್ಮ ಮಾವನವ್ರ ಗಿರಣಿದೂ."

ಮಾವನವರ ಹೆಸರು ಕೆಲಸ ಮಾಡಿತು. ಸ್ವಲ್ಪ ಯೋಚಿಸಿ ಅವರು ಷರತ್ತು ಹೇಳಿದರು: ಶನಿವಾರ ಆಪರೇಟರು ತಪ್ಪು ಬರೆಯಬೇಕು, ಕಂಪ್ಯೂಟರು ಹೇಳಿದ್ದನ್ನು ಓದಿ ತಾವೇ ಸರಿ ಮಾಡಿಕೊಳ್ಳಬೇಕು. "ಒಂದು ಸಲ ನಿನ್ನ ಮುಖ ನೋಡಿದ್ರೂ ಸೈತ, ಮುಚ್ಚಿದ ಪ್ರೋಗ್ರಾಮ."

ಅಂದು ಮಧ್ಯಾಹ್ನವೇ ಶುರು ಮಾಡಿದೆ. ಬರೆದು ವರ್ಷ ಕಳೆದಿದ್ದ ನನ್ನದೇ ಕೋಡನ್ನು ಬೇರೆ ಯಾರದೋ ಎಂಬಂತೆ ಮೊದಲಿನಿಂದ ಓದಿದೆ. ಕಾರಣ ಸಿಕ್ಕಿದಾಗ ಅದು ಎಷ್ಟು ಸರಳವಾಗಿತ್ತೆಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಟ್ಟೆ. ಪ್ರತಿ ಪದ ಯಾವ ಸಾಲಿನ ಎಷ್ಟನೇ ಅಕ್ಷರದಿಂದ ಶುರುವಾಗುತ್ತದೆ ಎಂಬುದು ಓದುವ ಭಾಗಕ್ಕೆ ಗೊತ್ತಿತ್ತು. ಆದರೆ ಮುಂದಿನ ಭಾಗಕ್ಕೆ ಒಪ್ಪಿಸುವಾಗ ಅದು ಫಂಕ್ಷನ್ನಿನ ಹೆಸರು ಎಲ್ಲಿದೆ ಎಂಬುದನ್ನಷ್ಟೇ ಉಳಿಸಿಕೊಂಡು, ಒಳಗಿನ ಮೂರರ ವಿಳಾಸವನ್ನು ಬಿಸಾಡುತ್ತಿತ್ತು. ಹೋಲಿಸುವ ಭಾಗವೂ ಮೂರನ್ನು ಒಟ್ಟಿಗೆ ಹಿಡಿದು ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದಷ್ಟೇ ನೋಡುತ್ತಿತ್ತು. ಎಲ್ಲಿ ಎಂದು ಕೇಳಿದರೆ ಪಾಪ, ಅದಕ್ಕೆ ಉಳಿದಿದ್ದ ಒಂದೇ ವಿಳಾಸ ತೋರಿಸುತ್ತಿತ್ತು.

ಪ್ರತಿಯೊಂದಕ್ಕೂ ಅದರ ವಿಳಾಸ ಕಟ್ಟಿಕೊಟ್ಟೆ. ಒಂದೊಂದನ್ನೇ ಹೋಲಿಸುವಂತೆ ಮಾಡಿದೆ. ಸಂಡೂರಿಗೆ ಹೋಗಲು ಇನ್ನೂ ಒಂದು ವಾರವಿತ್ತು; ಈ ಶನಿವಾರ ಸಂಜೆ ಆಪರೇಟರ ಅದೇ ಸಾಲನ್ನು ಮತ್ತೆ ಕೊಟ್ಟಾಗ ಆ ಬಿಳಿ ಗುರುತು ಎಂಟು ಅಕ್ಷರ ಜಿಗಿದು 'ಖಾಲಿ'ಯ ಕೆಳಗೆ ನಿಂತಿತು, 'ಭರ್ತಿ'ಯ ಕೆಳಗೂ ಇನ್ನೊಂದು ಮೂಡಿತು. ಅಷ್ಟೇ. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಯಾರಿಗೂ ವಿವರಿಸಲಾರೆ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಅಲ್ಲೇ ಇತ್ತು.

'ವಾದ'ವನ್ನೂ ತೆಗೆದು 'ಜಾಗ' ಎಂದು ಹಾಕಿದೆ. ಯಜಮಾನರಿಗೆ ಬೇಸರವಾಯಿತು.

"ವಾದ ಅನ್ನೋದು ಡಿಕ್ಷನರಿ ಪದ ಅವಾ."

"ಜಾಗ ಅನ್ನೋದು ಬಸ್ಸಿನ ಪದ ರೀ. ಎಲ್ಲಾರಿಗೂ ತಿಳಿತೈತಿ."

ಆದರೆ ಮನೆಗೆ ಹೊರಡುವ ಮುನ್ನ ಪರದೆಯನ್ನು ಆಪರೇಟರ ಕಣ್ಣಿನಿಂದ ಒಮ್ಮೆ ಓದಿದೆ. ಎರಡು ಗುರುತು, ಎರಡು ಸಂದೇಶ. 'ಒಂದನೇ ಜಾಗ: ಭರ್ತಿ ಬೇಕು, ಖಾಲಿ ಇದೆ.' 'ಎರಡನೇ ಜಾಗ: ಖಾಲಿ ಬೇಕು, ಭರ್ತಿ ಇದೆ.' ಎರಡೂ ನಿಜ. ಅವಸರದಲ್ಲಿರುವ ಮನುಷ್ಯ ಮೊದಲನೆಯದನ್ನು ಓದಿ ಅಲ್ಲಿ ಭರ್ತಿ ಎಂದು ತಿದ್ದುತ್ತಾನೆ, ಆಗ ಎರಡು ಭರ್ತಿಯಾಗುತ್ತದೆ, ಹೊಸ ಗೊಂದಲ, ಮತ್ತೆ ಫೋನು. ಜಾಗ ಕರಾರುವಾಕ್ಕಾಗಿತ್ತು, ಮಾತು ಇನ್ನೂ ಆಗಿರಲಿಲ್ಲ.

ಮಾರನೆಯ ದಿನ ಭಾನುವಾರ. ಅಕ್ಕ ಮಗಳನ್ನು ಕರೆದುಕೊಂಡು ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದಿದ್ದಳು. ಎಲ್ಲರೂ ಹಂಪಿಗೆ ಹೋದೆವು. ದೇವರ ದರ್ಶನ ಮುಗಿಸಿ ಹೊರಗೆ ಬಂದಾಗ ಅಕ್ಕನ ಮಗಳು ತನ್ನ ಚಪ್ಪಲಿಯನ್ನು ತಾನೇ ಮೆಟ್ಟಿಕೊಂಡು ಬಜಾರಿನ ಕಡೆ ಓಡತೊಡಗಿದಳು. ಅವಳ ಎರಡೂ ಪಾದಗಳು ಹೊರಕ್ಕೆ ತಿರುಗಿದ್ದವು.

"ಏ ನಿಂದರ! ಅದ್ಲಿಬದ್ಲಿ ಹಾಕ್ಕೊಂಡೀಯಲ್ಲೇ!" ಎಂದು ಅಕ್ಕ ಕೂಗಿದಳು.

ನಾನು ಕಲ್ಲಿನ ಮಂಟಪದ ಪಕ್ಕ ನಿಂತೇಬಿಟ್ಟೆ. ಎಡಗಾಲಿನದು ತಪ್ಪು, ಬಲಗಾಲಿನದೂ ತಪ್ಪು ಎಂದು ಅಕ್ಕ ಎರಡು ತಪ್ಪು ಹೇಳಲಿಲ್ಲ. ಒಂದೇ ಹೇಳಿದಳು. ಎರಡು ಜಾಗ ತಪ್ಪಿದ್ದು, ಇಲ್ಲಿರುವುದು ಅಲ್ಲಿಗೆ, ಅಲ್ಲಿರುವುದು ಇಲ್ಲಿಗೆ ಸರಿಹೊಂದಿದರೆ ಅದು ಒಂದೇ ತಪ್ಪು, ಅದಕ್ಕೆ ಒಂದೇ ಹೆಸರು. ದೂರು ಹೇಳುವ ಮೊದಲು ಕಂಪೈಲರು ತನ್ನಷ್ಟಕ್ಕೆ ಒಮ್ಮೆ ಅದಲುಬದಲು ಮಾಡಿ ನೋಡಬೇಕು. ಹಾಗೆಯೇ ಒಂದು ಬಿಟ್ಟುಹೋಗಿದ್ದರೆ, ಯಾವ ಜಾಗದಲ್ಲಿ ಒಂದನ್ನು ಸೇರಿಸಿದರೆ ಉಳಿದವೆಲ್ಲ ಸರಿಹೋಗುತ್ತವೆ ಎಂದೂ ನೋಡಬಹುದು! ಆಗಲೇ ಆಫೀಸಿಗೆ ಓಡಬೇಕು ಅನ್ನಿಸಿತು.

"ಯಾಕ ಒಬ್ಬಾಕಿನ ನಗಾಕತ್ತಿ?" ಅಕ್ಕ ಹತ್ತಿರ ಬಂದು ಕೇಳಿದಳು.

"ಏನಿಲ್ಲ."

"ಯಾರರ ಅದಾರೇನು? ಖರೆ ಹೇಳು."

"ಯಾರಿಲ್ಲ ಬಿಡ."

"ಏನಿಲ್ಲ, ಯಾರಿಲ್ಲ. ನಿನ್ನ ಬಾಯಿಂದ ಮಾತು ತಗಿಯೋದು ಒಂದ, ಬಾವಿಂದ ಕೊಡ ತಗಿಯೋದು ಒಂದ." ಬಸ್ಸಿನಲ್ಲಿ ಮರಳುವಾಗಲೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಬಹುದಿತ್ತು. ಆದರೆ ಶನಿವಾರ ಕಳೆಯುವವರೆಗೆ ಅದು ನನ್ನೊಬ್ಬಳದೇ ಆಗಿರಲಿ ಎನ್ನಿಸಿತು.

ಆ ವಾರ ಹೇಗೆ ಹೋಯಿತೋ ತಿಳಿಯದು. ಅದಲುಬದಲು ಎರಡೇ ದಿನದಲ್ಲಿ ಬಂತು. ಬಿಟ್ಟುಹೋದದ್ದನ್ನು ಹಿಡಿಯುವುದು ಸ್ವಲ್ಪ ಸತಾಯಿಸಿತು, ಅದೂ ಬಂತು. ಮನೆಯಲ್ಲಿ ಊಟ ಮಾಡುತ್ತಲೇ ಹೊಸ ತಪ್ಪುಗಳನ್ನು ಯೋಚಿಸುತ್ತಿದ್ದೆ, ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ಅವನ್ನು ಬರೆದು ಕಂಪೈಲರು ಏನೆನ್ನುತ್ತದೆ ಎಂದು ನೋಡುತ್ತಿದ್ದೆ. ತಪ್ಪು ಬರೆಯುವುದರಲ್ಲಿ ಇಷ್ಟು ಖುಷಿ ಇದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಶನಿವಾರ ಯಜಮಾನರ ಜೀಪಿನಲ್ಲಿ ಸಂಡೂರಿಗೆ ಹೋದೆವು. ಮುಂದೆ ಹಿಂದೆ ಅದಿರಿನ ಲಾರಿಗಳು. ಗಾಜು ಏರಿಸಿದರೂ ದುಪಟ್ಟಾದ ಅಂಚು ಕೆಂಪಾಗಿತ್ತು. ಮುಚ್ಚಿದ ಪ್ರೋಗ್ರಾಮಿನ ಸಿ.ಡಿ. ಅವರ ಸೀಟಿನ ಪಕ್ಕದಲ್ಲೇ ಇತ್ತು. ನನ್ನದು ನನ್ನ ಬ್ಯಾಗಿನಲ್ಲಿ.

ತೂಕದ ಕೋಣೆಯ ಆಪರೇಟರು ಆ ದೊಡ್ಡ ದನಿಗೆ ತಕ್ಕಂತೆ ದಪ್ಪ ಮನುಷ್ಯನಿರಬೇಕು ಎಂದುಕೊಂಡಿದ್ದೆ. ನೋಡಿದರೆ ಕಡ್ಡಿಯಂಥ ಆಳು. ಹೊಸ ಕಂಪೈಲರನ್ನು ಹಾಕಿ ಮುಗಿಸಿದ್ದೇ ಯಜಮಾನರು ನನ್ನನ್ನು ಹೊರಗೆ ಕಳಿಸಿ, ಆಪರೇಟರ ಬೆನ್ನ ಹಿಂದಿನ ಕಿಟಕಿಯ ಬಳಿ ನಿಲ್ಲಿಸಿದರು.

"ಇಲ್ಲೇ ನಿಂದರು. ಬಾಯಿ ತೆರಿಬ್ಯಾಡ, ಕೆಮ್ಮಬ್ಯಾಡ."

ಕಿಟಕಿಯ ಸರಳು ಹಿಡಿದು ನಿಂತೆ. ಅಲ್ಲಿಂದ ಪರದೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಸ ರಾಶಿಯ ಅದಿರಿಗೆ ಅಂದು ಹೊಸ ನಿಯಮ ಬರೆಯುವುದಿತ್ತು. ಯಜಮಾನರು ಅದನ್ನೇ ಬರೆಯಲು ಹೇಳಿದರು. ಆಪರೇಟರು ಒಂದು ಬೆರಳಿನಿಂದ ಟೈಪ್ ಮಾಡತೊಡಗಿದರು. ನಾಲ್ಕನೇ ಸಾಲಿಗೆ ಬಂದಾಗ ಯಾರೂ ಹೇಳಿಕೊಡದೆ ಖಾಲಿಯನ್ನೇ ಮೊದಲು ಬರೆದರು. ನನಗೆ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

ಎಂಟರ್ ಒತ್ತಿದರು. ಖಾಲಿಯ ಕೆಳಗೊಂದು, ಭರ್ತಿಯ ಕೆಳಗೊಂದು ಗುರುತು ಬಂತು, ಅದರ ಕೆಳಗೆ ಒಂದೇ ಸಂದೇಶ: 'ಸಾಲು ನಾಲ್ಕು, ನಿವ್ವಳ: ಒಂದನೇ ಜಾಗ, ಎರಡನೇ ಜಾಗ ಅದಲುಬದಲಾಗಿವೆ. ಭರ್ತಿ ಮೊದಲು, ಖಾಲಿ ಆಮೇಲೆ.'

ಅವರು ತುಟಿ ಅಲುಗಿಸುತ್ತ ಓದಿದರು. ಆಮೇಲೆ ಪರದೆಗೆ ಹೇಳಿದರು: "ಓಹೋಹೋ. ಹೌದಲೇ, ನಿಂದ ಖರೆ."

ಎದುರಿನ ಕಿಟಕಿಯಲ್ಲಿ ಕಾಯುತ್ತಿದ್ದ ಡ್ರೈವರು ಕೇಳಿದ: "ಯಾರ ಜೊತಿ ಮಾತಾಡಾಕತ್ತೀಯೋ ಅಣ್ಣಾ?"

"ಕಂಪ್ಯೂಟರ್ ಜೊತಿ. ನಿನಗಿಂತ ಚಲೋ ಮಾತಾಡ್ತೈತಿ."

ತಿದ್ದಿದರು. ಎಂಟರ್ ಒತ್ತಿದರು. ನಿಯಮ ಓಡಿತು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಆದರೆ ಯಜಮಾನರು ವ್ಯಾಪಾರಸ್ಥರ ಮನೆಯವರು, ಒಂದೇ ಸಲ ನೋಡಿ ಒಪ್ಪುವವರಲ್ಲ. "ನೀವು ಗಾಡಿದು ಎರಡೂ ಮಗ್ಗಲಾ ತೇವ ನೋಡ್ತೀರಲ್ಲ?" ಎಂದು ಆಪರೇಟರನ್ನು ಕೇಳಿದರು. "ಹಂಗಾರ ಮೂರನೇ ಜಾಗದಾಗ 'ಸರಾಸರಿ' ಹಾಕು. ಅದರೊಳಗ ಒಂದು ತೇವ ಬರಿ, ಇನ್ನೊಂದು ತೇವದ ಬದಲು ಬೇಕಂತ ಖಾಲಿ ಅಂತ ಬರಿ. ನೋಡೋಣು, ಒಳಗಿನ ತಪ್ಪು ಇದಕ್ಕ ಕಾಣ್ತೈತೋ ಇಲ್ಲೋ."

ಒಂದು ಫಂಕ್ಷನ್ನಿನೊಳಗೆ ಇನ್ನೊಂದು ಫಂಕ್ಷನ್, ಅದರ ಒಳಗೆ ತಪ್ಪು. ಇಡೀ ವಾರ ಅಷ್ಟೊಂದು ತಪ್ಪು ಬರೆದವಳು ಇದನ್ನು ಬರೆದು ನೋಡಿರಲಿಲ್ಲ. ಹಳೆಯದಾಗಿದ್ದರೆ ಗುರುತು ಹೊರಗಿನ ನಿವ್ವಳದ ಕೆಳಗೇ ಬಂದು ಬೀಳುತ್ತಿತ್ತು. ಹೊಸದು ಏನು ಮಾಡುತ್ತದೆಂದು ನನಗೇ ತಿಳಿಯದು. ಆಪರೇಟರ ಬೆರಳು ಒಂದೊಂದೇ ಅಕ್ಷರ ಹುಡುಕುತ್ತಿತ್ತು. ಎರಡು ಆವರಣ ಮುಚ್ಚಬೇಕಲ್ಲವೇ ಎಂದು ಒಮ್ಮೆ ನಿಂತು, ತಾವೇ ತಲೆಯಾಡಿಸಿ ಎರಡೂ ಮುಚ್ಚಿದರು. ಎಂಟರ್.

ಗುರುತು ಸಾಲಿನ ಕೊನೆಯ ಕಡೆ, ಸರಾಸರಿಯ ಒಳಗಿನ ಖಾಲಿಯ ನೇರ ಕೆಳಗೆ ನಿಂತಿತ್ತು. 'ಸಾಲು ನಾಲ್ಕು, ಸರಾಸರಿ: ಎರಡನೇ ಜಾಗ. ತೇವ ಬೇಕು, ಖಾಲಿ ಇದೆ.'

ಹೊರಗಿನ ನಿವ್ವಳದ ಬಗ್ಗೆ ಒಂದು ಮಾತೂ ಇಲ್ಲ. ಇರಲೂಬಾರದು, ಅದರ ಮೂರೂ ಜಾಗ ಸರಿಯಿದ್ದವು. ನಾನು ಸರಳು ಬಿಟ್ಟು ಗೋಡೆಯ ಮರೆಗೆ ಸರಿದು, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಇದಕ್ಕಾಗಿ ನಾನು ಒಂದು ಸಾಲನ್ನೂ ಬರೆದಿರಲಿಲ್ಲ. ಪ್ರತಿಯೊಂದಕ್ಕೂ ಅದರ ವಿಳಾಸ ಕಟ್ಟಿಕೊಟ್ಟಿದ್ದೆ, ಅಷ್ಟೆ; ಒಳಗಿನದಕ್ಕೂ ಅದರ ವಿಳಾಸ ತಾನಾಗಿ ಸಿಕ್ಕಿತ್ತು. ನಾನು ಯೋಚಿಸದೇ ಇದ್ದದ್ದನ್ನೂ ಅದು ಸರಿಯಾಗಿ ಹೇಳಿತ್ತು.

ಯಜಮಾನರು ಹೊರಗೆ ಬಂದರು. "ಇದನ್ನೂ ಮೊದಲ ಯೋಚನಿ ಮಾಡಿ ಬರದಿದ್ದೇನು?"

"ಇಲ್ರಿ. ತಾನ ಬಂತು."

"ತಾನ ಏನರ ಬರ್ತೈತೇನವಾ?"

"ಬುಡ ಸರಿ ಇದ್ರ ಬರ್ತೈತ್ರಿ."

ಅವರು ನನ್ನನ್ನೇ ನೋಡಿದರು. "ಆತು ಬಿಡು. ಆ ಸಿ.ಡಿ. ಜೀಪಿನ್ಯಾಗ ಇರ್ಲಿ."

ಆಪರೇಟರು ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವೇನ್ರಿ ಫೋನಿನ ಮೇಡಮ್ಮು? ಇನ್ಮ್ಯಾಲ ನಿಮಗ ಫೋನ್ ಹಚ್ಚಾಂಗಿಲ್ಲಲ್ಲ. ಬ್ಯಾಸರಾದ್ರ ಏನ್ ಮಾಡೋದ್ರಿ?"

"ಬ್ಯಾಸರಾದ್ರ ತಪ್ಪು ಬರೀರಿ," ಎಂದೆ. "ಅದ ಮಾತಾಡ್ತೈತಿ."

ಅವರು ತೊಡೆ ತಟ್ಟಿ ನಕ್ಕರು. ನಾನು ಅಪರಿಚಿತರೆದುರು ತಮಾಷೆ ಮಾಡಿದ್ದು ಅದೇ ಮೊದಲಿರಬೇಕು.

ಮರಳುವ ದಾರಿಯಲ್ಲಿ ಯಜಮಾನರಿಗೂ ಹುರುಪು ಬಂದಿತ್ತು. ಇದನ್ನು ಕಂಪ್ಲಿಗೂ ಹಾಕಬೇಕು ಎಂದರು. "ನಮ್ಮ ಮಾವನ ಗಿರಣಿಯವ್ರು ಭರ್ತಿ ಖಾಲಿ ಸರಿಯಾಗಿ ಬರೀತಾರ. ಅವರು ಮರಿಯೋದು ತೇವ. ತೇವ ಬಿಟ್ರ ಏನಂತೈತಿ ಇದು?"

"ಮೂರನೇ ಜಾಗ ಖಾಲಿ ಅಂತೈತ್ರಿ," ಎಂದೆ ಹೆಮ್ಮೆಯಿಂದ.

ಜೀಪು ಸ್ವಲ್ಪ ದೂರ ಹೋಯಿತು. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಹಂಗಂದ್ರ ಅವರು ಮೂರನೇ ಜಾಗದಾಗೂ ಖಾಲಿ ತೂಕ ಬರೀತಾರಲ್ಲವಾ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರು ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳಬೇಕಾಯಿತು. "ಸೋಮವಾರ ಸರಿ ಮಾಡೀಯಂತ," ಎಂದರು.

ಮಾರನೆಯ ಬೆಳಿಗ್ಗೆ, ಭಾನುವಾರ, ಅಮ್ಮನಿಗೆ ಆಫೀಸಿನಲ್ಲಿ ಸ್ವಲ್ಪ ಕೆಲಸವಿದೆ ಎಂದಷ್ಟೇ ಹೇಳಿ ಹೊರಟೆ. ಬೀಗ ತೆಗೆದು, ಕಂಪ್ಯೂಟರ್ ಹಚ್ಚಿ, ಆ ಸಂದೇಶವನ್ನು ಅಳಿಸಿ, 'ಮೂರನೇ ಜಾಗದಲ್ಲಿ ಏನೂ ಬರೆದಿಲ್ಲ. ತೇವ ಬೇಕು' ಎಂದು ಬರೆದೆ. ತೇವ ಬಿಟ್ಟು ಒಮ್ಮೆ, ಭರ್ತಿ ಬಿಟ್ಟು ಒಮ್ಮೆ ಓಡಿಸಿ ನೋಡಿದೆ. ಸಿ.ಡಿ. ಬರೆದುಕೊಂಡು ಬಸ್ ನಿಲ್ದಾಣಕ್ಕೆ ನಡೆದು, ಯಜಮಾನರ ಮಾವನ ಗಿರಣಿಗೆಂದು ಕಂಪ್ಲಿಯ ಬಸ್ಸು ಹತ್ತಿದೆ.